ಆಟಗಳನ್ನು ರಚಿಸಿದ ಅರಸರು

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮನೆಗಳಲ್ಲಿ ಮಕ್ಕಳು ವಿಡಿಯೊ ಆಟಗಳನ್ನು ಆಡುವುದು ಇಂದು ಸಾಮಾನ್ಯ ದೃಶ್ಯವಾಗಿದೆ. ಪರದೆಯ ಮೇಲೆ ಕೋಟೆಗಳು ಏಳುತ್ತವೆ, ವಾಹನಗಳು ಧಾವಿಸುತ್ತವೆ, ಶತ್ರುಗಳು ಎದುರಾಗುತ್ತಾರೆ. ಆಡುವವರ ಗಮನವೆಲ್ಲ ಸೋಲುಗೆಲುವಿನ ಮೇಲಿರುತ್ತದೆ. ಆ ಆಟವನ್ನು ಯಾರೋ ಮೊದಲು ಮನಸ್ಸಿನಲ್ಲಿ ಕಲ್ಪಿಸಿ, ಅದರ ನಿಯಮಗಳನ್ನು ಬರೆದಿರಬೇಕೆಂಬುದು ಅವರಿಗೆ ಹೊಳೆಯುವುದು ಅಪರೂಪ. ಆಟವನ್ನು ರಚಿಸುವುದೂ ಒಂದು ವಿದ್ಯೆ. ಕಂಪ್ಯೂಟರು ಹುಟ್ಟುವುದಕ್ಕೆ ಬಹುಕಾಲ ಮೊದಲೇ ಈ ವಿದ್ಯೆಗೆ ಮನಸೋತ ಅರಸರೊಬ್ಬರು ಕನ್ನಡ ನಾಡಿನಲ್ಲಿದ್ದರು. ಕೆಂಗೇರಿಯನ್ನು ಹಾದು ಹೋಗುವ ಹೆದ್ದಾರಿಯು ಮುಟ್ಟುವ ಮೈಸೂರೇ ಅವರ ರಾಜಧಾನಿ. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು.

ಆಟವನ್ನು ರಚಿಸುವವನು ಮೂರು ಸಂಗತಿಗಳನ್ನು ನಿರ್ಧರಿಸಬೇಕಾಗುತ್ತದೆ. ಆಟಗಾರನ ಗುರಿ ಯಾವುದು, ಅವನಿಗೆ ಯಾವ ನಡೆಗಳಿಗೆ ಅವಕಾಶವಿದೆ, ಅದೃಷ್ಟಕ್ಕೆಷ್ಟು ಪಾಲು, ಬುದ್ಧಿಗೆಷ್ಟು ಪಾಲು ಎಂಬುವೇ ಆ ಸಂಗತಿಗಳು. ಚೌಕಾಬಾರದಲ್ಲಿ ಕವಡೆ ಬಿದ್ದಂತೆ ಕಾಯಿ ನಡೆಯಬೇಕು. ಆದರೆ ಯಾವ ಕಾಯಿಯನ್ನು ನಡೆಸಬೇಕೆಂಬುದು ಆಡುವವನ ವಿವೇಚನೆಗೆ ಸೇರಿದ್ದು. ಚದುರಂಗದಲ್ಲಾದರೋ ಅದೃಷ್ಟಕ್ಕೆ ಎಡೆಯೇ ಇಲ್ಲ. ಈ ಹದವನ್ನು ಅರಿತವನೇ ಒಳ್ಳೆಯ ಆಟವನ್ನು ಕಟ್ಟಬಲ್ಲನು.

ಮುಮ್ಮಡಿಯವರು ಹುಟ್ಟಿದ್ದು 1794ರಲ್ಲಿ. ಟಿಪ್ಪು ಸುಲ್ತಾನನ ಪತನದ ನಂತರ 1799ರಲ್ಲಿ, ಐದು ವರ್ಷ ತುಂಬುವ ಮೊದಲೇ, ಅವರಿಗೆ ಪಟ್ಟಾಭಿಷೇಕವಾಯಿತು. ದೊಡ್ಡವರಾಗಿ ರಾಜ್ಯವಾಳುತ್ತಿದ್ದಾಗ 1830ರಲ್ಲಿ ನಗರ ಪ್ರಾಂತದ ರೈತರು ದಂಗೆಯೆದ್ದರು. ದುರಾಡಳಿತವೇ ಇದಕ್ಕೆ ಕಾರಣವೆಂದು ಹೇಳಿ ಬ್ರಿಟಿಷರು 1831ರಲ್ಲಿ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅರಸರಿಗೆ ಸಿಂಹಾಸನ ಉಳಿಯಿತು, ಅಧಿಕಾರ ಉಳಿಯಲಿಲ್ಲ. ರಾಜ್ಯವನ್ನು ಹಿಂದಿರುಗಿಸಬೇಕೆಂದು ಅವರು ಮಾಡಿಕೊಂಡ ಮನವಿಗಳು ಅವರ ಜೀವಿತಕಾಲದಲ್ಲಿ ಫಲಿಸಲಿಲ್ಲ. 1868ರಲ್ಲಿ ಅವರು ತೀರಿಕೊಂಡರು. ಅವರ ದತ್ತುಪುತ್ರರಿಗೆ ರಾಜ್ಯ ಮರಳಿ ದೊರೆತದ್ದು 1881ರಲ್ಲಿ.

ಅಧಿಕಾರವಿಲ್ಲದ ಆ ದೀರ್ಘಕಾಲವನ್ನು ಮುಮ್ಮಡಿಯವರು ನಿರರ್ಥಕವಾಗಿ ಕಳೆಯಲಿಲ್ಲ. ವಿದ್ವಾಂಸರನ್ನೂ ಚಿತ್ರಕಾರರನ್ನೂ ಪೋಷಿಸಿದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ ಎಂಬ ಸಚಿತ್ರ ಗ್ರಂಥದಲ್ಲಿ ಒಂಬತ್ತು ನಿಧಿಗಳಿವೆ. ಕೊನೆಯದಾದ ‘ಕೌತುಕನಿಧಿ’ಯಲ್ಲಿ ಆಟಗಳಿಗೂ ಸ್ಥಾನ ದೊರೆತಿದೆ. ದೇವತಾಮೂರ್ತಿಗಳನ್ನು ವರ್ಣಿಸುವ ಗ್ರಂಥದಲ್ಲಿಯೇ ಆಟಗಳನ್ನೂ ಸೇರಿಸಿದುದನ್ನು ನೋಡಿದರೆ, ಅರಸರು ಅವುಗಳನ್ನು ಕೇವಲ ಕಾಲಹರಣವೆಂದು ಭಾವಿಸಿರಲಿಲ್ಲವೆಂದು ತಿಳಿಯುತ್ತದೆ.

ಗಂಜೀಫ ಎಂಬುದು ದುಂಡನೆಯ ಎಲೆಗಳಿಂದ ಆಡುವ ಆಟ. ದಶಾವತಾರ ಗಂಜೀಫದಲ್ಲಿ ಹತ್ತು ಗುಂಪುಗಳಿಗೆ ತಲಾ 12ರಂತೆ 120 ಎಲೆಗಳಿರುತ್ತವೆ. ಮುಮ್ಮಡಿಯವರು ಇದನ್ನು ವಿಸ್ತರಿಸಿ ‘ಛದ’ ಎಂಬ ಹೊಸ ಆಟಗಳ ಸರಣಿಯನ್ನೇ ರಚಿಸಿದರು. ಅವುಗಳಲ್ಲಿ ಒಂದು ಗುಂಪಿಗೆ ಸಾಮಾನ್ಯವಾಗಿ 12 ಅಂಕಿಯ ಎಲೆಗಳೂ 6 ಚಿತ್ರದ ಎಲೆಗಳೂ ಇರುತ್ತಿದ್ದವು. ಕೆಲವು ಕಟ್ಟುಗಳಲ್ಲಿ ಎಲೆಗಳ ಸಂಖ್ಯೆ 360ರವರೆಗೂ ಏರುತ್ತಿತ್ತು. ಇಂದಿನ ಇಸ್ಪೀಟಿನ ಕಟ್ಟಿನಲ್ಲಿರುವುದು 52 ಎಲೆಗಳು ಮಾತ್ರ ಎಂಬುದನ್ನು ನೆನೆದರೆ ಆ ಆಟಗಳ ಜಟಿಲತೆ ಮನವರಿಕೆಯಾಗುತ್ತದೆ.

ಚದುರಂಗದ ಕುದುರೆಯ ನಡೆಯೂ ಅರಸರನ್ನು ಸೆಳೆದಿತ್ತು. ಮಣೆಯ 64 ಮನೆಗಳಲ್ಲಿ ಒಂದನ್ನೂ ಬಿಡದೆ, ಯಾವ ಮನೆಗೂ ಎರಡು ಬಾರಿ ಹೋಗದೆ ಕುದುರೆಯನ್ನು ನಡೆಸುವುದು ಹಳೆಯ ಸಮಸ್ಯೆ. ಕುದುರೆಯ ನಡೆಯನ್ನು ಅನುಸರಿಸುವ ಪದ್ಯಬಂಧವು ಒಂಬತ್ತನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿಯೇ ಇದೆ. ಕುದುರೆ ಹೋದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿಗಳನ್ನು ಬರೆದಾಗ, ಕೆಲವು ಹಾದಿಗಳಲ್ಲಿ ಪ್ರತಿಯೊಂದು ಅಡ್ಡಸಾಲಿನ ಮತ್ತು ಕಂಬಸಾಲಿನ ಮೊತ್ತವೂ 260 ಆಗುತ್ತದೆ. ಒಟ್ಟು ಮೊತ್ತವಾದ 2080ನ್ನು 8ರಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಇದು. ಮುಮ್ಮಡಿಯವರು ಇಂಥ ಅಂಕಚಮತ್ಕಾರಗಳಲ್ಲಿ ಆಸಕ್ತರಾಗಿ, ಕುದುರೆಯ ಹಾದಿಗಳನ್ನು ತಾವೂ ರಚಿಸಿದರು.

ಇಷ್ಟಾದರೂ ಛದದ ಆಟಗಳು ಜನರಲ್ಲಿ ಹರಡಲಿಲ್ಲ. ನೂರಾರು ಎಲೆಗಳನ್ನು ಕೈಯಿಂದ ಬರೆಯಿಸಲು ಹಣ ಬೇಕು. ನಿಯಮಗಳನ್ನು ನೆನಪಿನಲ್ಲಿಡಲು ತಾಳ್ಮೆ ಬೇಕು. ರಚಿಸಿದವರ ಹೆಸರೇ ತಿಳಿಯದ ಚೌಕಾಬಾರ, ಅಳಿಗುಳಿಮಣೆಗಳಾದರೋ ಹಳ್ಳಿಯ ಜಗಲಿಗಳಲ್ಲಿ ಬಾಳಿದವು. ನಾಲ್ಕು ಗೆರೆ, ಒಂದು ಹಿಡಿ ಹುಣಿಸೆಬೀಜಗಳಿದ್ದರೆ ಅವುಗಳಿಗೆ ಸಾಕು. ಎಷ್ಟೇ ಚತುರವಾದ ಆಟವಾದರೂ ಆಡುವವರಿಲ್ಲದೆ ಬದುಕಲಾರದು. ಅರಸರ ಆಟಗಳ ನೆನಪನ್ನು ಉಳಿಸಿದವು ಬರಹ ಮತ್ತು ಚಿತ್ರಗಳು.

ಇಂದಿನ ವಿಡಿಯೊ ಆಟದ ರಚನಕಾರನ ಕೆಲಸವೂ ಇದೇ ಬಗೆಯದು. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು ಆರಂಭಿಸಿದ ‘ಧ್ರುವ ಇಂಟರ್‌ಆ್ಯಕ್ಟಿವ್’ ಭಾರತದ ಮೊದಮೊದಲ ವಿಡಿಯೊ ಆಟದ ಸಂಸ್ಥೆಗಳಲ್ಲೊಂದು. 2019ರಲ್ಲಿ ಅದನ್ನು ‘ರಾಕ್‌ಸ್ಟಾರ್ ಗೇಮ್ಸ್’ ಕೊಂಡುಕೊಂಡಿತು. ಇಂಥ ಉದ್ಯಮದಲ್ಲಿ ಒಬ್ಬರು ನಿಯಮಗಳನ್ನು ಯೋಚಿಸುತ್ತಾರೆ, ಒಬ್ಬರು ಕಥೆಯನ್ನೂ ಪಾತ್ರಗಳ ಮಾತನ್ನೂ ಬರೆಯುತ್ತಾರೆ, ಚಿತ್ರಕಾರರು ರೂಪ ಕೊಡುತ್ತಾರೆ, ಮತ್ತೆ ಕೆಲವರು ಅದನ್ನೆಲ್ಲ ಕಂಪ್ಯೂಟರಿನ ಭಾಷೆಗೆ ಇಳಿಸುತ್ತಾರೆ. ಆಮೇಲೆ ಆಟವನ್ನು ಇತರರಿಂದ ಆಡಿಸಿ ನೋಡಿ, ಎಲ್ಲಿ ಬೇಸರ ಹುಟ್ಟಿತು, ಎಲ್ಲಿ ಗೊಂದಲವಾಯಿತು ಎಂದು ಗಮನಿಸಿ ತಿದ್ದುತ್ತಾರೆ. ಅರಮನೆಯ ಆಟಗಳಿಗೆ ಒದಗದೆ ಹೋದದ್ದು ಈ ವಿಶಾಲವಾದ ಆಟಗಾರ ಸಮುದಾಯವೇ.

ಗಣಿತ, ಸಾಹಿತ್ಯ, ಚಿತ್ರಕಲೆಗಳು ಒಂದೆಡೆ ಕೂಡುವ ಈ ವೃತ್ತಿಗೆ ಬಯಸುವವರು ಮೊದಲು ಮಾಡಬಹುದಾದ ಅಭ್ಯಾಸ ಸರಳವಾದುದು. ತಮಗೆ ಪ್ರಿಯವಾದ ಆಟವೊಂದರ ನಿಯಮಗಳನ್ನು ಬರೆದಿಟ್ಟು, ಅವುಗಳಲ್ಲಿ ಒಂದನ್ನು ಮಾತ್ರ ಬದಲಿಸಿ, ಗೆಳೆಯರೊಡನೆ ಆಡಿ ನೋಡಬೇಕು. ಅದಕ್ಕೆ ಯಂತ್ರದ ಅಗತ್ಯವಿಲ್ಲ. ಒಂದು ಹಾಳೆ ಸಾಕು.