ಬಿಸಿಜಿ ಹಾಕಿಸುವ ಮುನ್ನ

*ಮೊಮ್ಮಗಳಿಗೆ ಮೂರು ತಿಂಗಳು. ಬಿಸಿಜಿ ಹಾಕಿಸಿದ ಎಡಗೈಯ ಕಂಕುಳಲ್ಲಿ ಹುಣಸೆಬೀಜದಷ್ಟು ಗಂಟು. ಕಾವು ಕೊಟ್ಟು ಹಿಂಡಿ ಎನ್ನುತ್ತಾರೆ ಓಣಿಯವರು.*
– ಅಜ್ಜಿ, ಹೊನ್ನಾಳಿ

ಹಿಂಡಬೇಡಿ, ಕಾವೂ ಬೇಡ. ಕ್ಷಯ ತಡೆಯುವ ಬಿಸಿಜಿ ಲಸಿಕೆಯಲ್ಲಿರುವುದು ದನದ ಕ್ಷಯದ ರೋಗಾಣುವನ್ನು ಪಳಗಿಸಿದ ಜೀವಂತ ತಳಿ. ಅದು ತೋಳಿನಿಂದ ಕಂಕುಳಿಗೆ ಇಳಿದು ಗಂಟಾಗುವುದು ಗಟ್ಟಿಮುಟ್ಟಾದ ಕೂಸುಗಳಲ್ಲೂ ಉಂಟು. ಬಹುಪಾಲು ತಾನಾಗಿ ಕರಗುತ್ತದೆ. ಕೀವು ತುಂಬಿ ಮೆತ್ತಗಾದರೆ ವೈದ್ಯರಿಗೆ ತೋರಿಸಿ. ಬೇರೆ ಕಡೆಯೂ ಗಂಟೆದ್ದು, ಜ್ವರ ಬಿಡದೆ, ತೂಕ ಏರದೆ ಹೋದರೆ ಮಾತ್ರ ತಡಮಾಡಬೇಡಿ.

*ಹೆಂಡತಿ ನನ್ನ ಅಕ್ಕನ ಮಗಳು. ಮೊದಲ ಮಗು ಎಂಟು ತಿಂಗಳಿಗೇ ತೀರಿಕೊಂಡಿತು. ಬಿಸಿಜಿ ಮೈಗೆಲ್ಲ ಹರಡಿತ್ತಂತೆ. ಈಗ ಮತ್ತೆ ಏಳು ತಿಂಗಳ ಬಸುರಿ. ಲಸಿಕೆಯದೇ ತಪ್ಪೇ?*
– ಅಡಿಕೆ ಬೆಳೆಗಾರ, ಚನ್ನಗಿರಿ

ಲಸಿಕೆ ಕೆಟ್ಟಿತ್ತು ಎನ್ನುವುದಕ್ಕಿಂತ, ಅದನ್ನು ಅಡಗಿಸುವ ಶಕ್ತಿ ಮಗುವಿಗೆ ಹುಟ್ಟಿನಿಂದಲೇ ಇರಲಿಲ್ಲವೇನೋ ಎಂಬುದು ನನ್ನ ಅನುಮಾನ. ಮೈಯೊಳಗಿನ ಭಕ್ಷಕ ಕಣ ಕ್ಷಯದ ರೋಗಾಣುವನ್ನು ನುಂಗುತ್ತದೆ, ಆದರೆ ಒಂಟಿಯಾಗಿ ಅರಗಿಸಿಕೊಳ್ಳಲಾರದು. ಇಂಟರ್‌ಲ್ಯೂಕಿನ್-12 ಎಂಬ ರಾಸಾಯನಿಕದ ಮೂಲಕ ಕೂಗು ಹಾಕುತ್ತದೆ. ಟಿ ಕಣಗಳು ಇಂಟರ್‌ಫೆರಾನ್ ಗಾಮಾ ಎಂದು ಓಗೊಟ್ಟಾಗಲೇ ಅದಕ್ಕೆ ಕೊಲ್ಲುವ ಕಸುವು. ಈ ಕೂಗು-ಓಗೊಡುವಿಕೆ ಎಲ್ಲಿ ಕಡಿದರೂ ನುಂಗಿದ ರೋಗಾಣು ಒಳಗೇ ಸಂಸಾರ ಹೂಡುತ್ತದೆ. ಇಂಥ ಮೊದಲ ಜೀನ್ ದೋಷ ಮಾಲ್ಟಾ ಮತ್ತು ಟುನೀಷಿಯಾದ ಮಕ್ಕಳಲ್ಲಿ ಪತ್ತೆಯಾದದ್ದು 1996ರಲ್ಲಿ. ಸ್ಕಿಡ್, ಸಿಜಿಡಿ ಎಂಬ, ರೋಗನಿರೋಧಕ ಶಕ್ತಿಯ ಬೇರೆ ಹುಟ್ಟು ಕೊರತೆಗಳಲ್ಲೂ ಬಿಸಿಜಿ ಹರಡಬಹುದು.

ಇವುಗಳಲ್ಲಿ ಹಲವು, ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗಲೇ ತಲೆಯೆತ್ತುತ್ತವೆ. ಸೋದರಮಾವನ ಸಂಬಂಧದಲ್ಲಿ ಅದಕ್ಕೆ ದಾರಿ ಸಲೀಸು. ಹಾಗಿದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲೊಂದು ಪಾಲು ಅಪಾಯ.

ತಾಯಿ ಕಾರ್ಡಿನ ಮೇಲೆ ಈಗಲೇ ವೈದ್ಯರಿಂದ ಬರೆಸಿ: ಪರೀಕ್ಷೆಯಾಗುವ ತನಕ ಈ ಮಗುವಿಗೆ ಬಿಸಿಜಿ ಬೇಡ. ಹೆರಿಗೆ ವಾರ್ಡಿನಲ್ಲಿ ಮನೆಗೆ ಕಳಿಸುವ ಮೊದಲೇ ಹಾಕಿಬಿಡುವುದು ವಾಡಿಕೆ. ಊರಿಗೆಲ್ಲ ಒಳ್ಳೆಯದೇ, ನಿಮ್ಮ ಮನೆಗೆ ಮಾತ್ರ ಕಾಯಬೇಕು. ಪೋಲಿಯೊ ಹನಿಯೂ ಜೀವಂತ ಲಸಿಕೆ, ಕೇಳಿ ಹಾಕಿಸಿ. ಹೆಪಟೈಟಿಸ್-ಬಿ ಚುಚ್ಚುಮದ್ದಿಗೆ ಅಡ್ಡಿಯಿಲ್ಲ. ಮೊದಲ ಮಗುವಿನ ಕಾಗದಗಳನ್ನೆಲ್ಲ ಕಟ್ಟಿಕೊಂಡು, ಹೆರಿಗೆಗೆ ಕಾಯದೆ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ತೋರಿಸಿ. ಆ ಮಗುವಿನ ರಕ್ತದ ಮಾದರಿ ಎಲ್ಲಾದರೂ ಉಳಿದಿದೆಯೇ ಎಂದೂ ವಿಚಾರಿಸಿ. ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

*ಮಗನಿಗೆ ಹನ್ನೊಂದು ವರ್ಷ. ಎರಡು ಸಲ ಟಿಬಿ, ನಡುವೆ ರಕ್ತದಲ್ಲಿ ಸಾಲ್ಮೊನೆಲ್ಲಾ. ಗುಣವಾಗುವ ದಾರಿಯಿದೆಯೇ?*
– ಶಿಕ್ಷಕ, ಜಗಳೂರು

ಟಿಬಿ ಮರುಕಳಿಸಿದ ಮಾತ್ರಕ್ಕೆ ಜೀನಿನ ಮೇಲೆ ಗುಮಾನಿ ಪಡುವವನಲ್ಲ ನಾನು. ಅರ್ಧಕ್ಕೆ ಬಿಟ್ಟ ಮಾತ್ರೆ, ಮದ್ದಿಗೆ ಬಗ್ಗದ ರೋಗಾಣು, ಮನೆಯಲ್ಲೇ ಕೆಮ್ಮುವ ಹಿರಿಯರು – ಮೊದಲು ಇವನ್ನು ನೋಡಬೇಕು. ಆದರೆ ಜೊತೆಗೆ ಸಾಲ್ಮೊನೆಲ್ಲಾ ಎಂದಿರಿ. ಇಂಟರ್‌ಲ್ಯೂಕಿನ್-12ರ ಕೂಗು ಕೇಳಿಸದ ಮಕ್ಕಳಲ್ಲಿ ಈ ಜೋಡಿ ಕಾಣುವುದುಂಟು. ಜೀನ್ ಪರೀಕ್ಷೆ ಮಾಡಿಸಿ. ಅದೇ ದೋಷವಾದರೆ ಟಿಬಿ ಮದ್ದಿನ ಜೊತೆ ಇಂಟರ್‌ಫೆರಾನ್ ಗಾಮಾ ಇಂಜೆಕ್ಷನ್ ನೆರವಾಗುತ್ತದೆ. ಇಂಟರ್‌ಫೆರಾನನ್ನು ಹಿಡಿಯುವ ಗ್ರಾಹಕವೇ ಪೂರ್ತಿ ಇಲ್ಲದವರಿಗೆ ಅದು ಕಲ್ಲಿನ ಮೇಲೆ ಮಳೆ ಸುರಿದಂತೆ; ಅವರಿಗೆ ಅಸ್ಥಿಮಜ್ಜೆ ಕಸಿಯೇ ಗತಿ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ, ಪಟ್ಟಿಯಲ್ಲಿರುವ ಕಾಯಿಲೆಗಳ ಚಿಕಿತ್ಸೆಯ ಖರ್ಚಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ.

*ತಂಗಿಗೆ ಇಂಥ ಜೀನ್ ದೋಷ ಇದೆಯಂತೆ. ಜೊತೆಯಲ್ಲಿ ಉಂಡರೆ ಅಂಟುತ್ತದೆಯೇ?*
– ನ್ಯಾಮತಿ

ದೋಷ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣಿ. ನಿಮ್ಮಲ್ಲಿ ಯಾರಿಗಾದರೂ ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಿ. ಅಂಟುವ ಭಯ ನಿಮಗಲ್ಲ, ಅವಳಿಗೆ.