ಎರಡನೇ ಸಿಂಪಡಣೆಗೆ ಮುನ್ನ ಪೆಟ್ರೋಲ್ ನೋಡಿರಿ

ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮುನ್ನ ಒಮ್ಮೆ, 40–45 ದಿನಗಳ ನಂತರ ಇನ್ನೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸುವುದು ರೂಢಿ. ಈ ನಡುವೆ ಸಿಂಪಡಣೆ ಯಂತ್ರ ಕೊಟ್ಟಿಗೆಯ ಮೂಲೆ ಸೇರುತ್ತದೆ. ಉಳಿದ ಪೆಟ್ರೋಲೂ ಟ್ಯಾಂಕಿನಲ್ಲೇ ಇರುತ್ತದೆ. ಮಳೆ ಹೊಳವಾದ ದಿನ ಎಂಜಿನ್ ಕೈಕೊಟ್ಟರೆ ಆ ಬಿಡುವು ಮತ್ತೆ ಸಿಗದು.

ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್, ಅಂದರೆ ಮದ್ಯಸಾರ, ಬೆರೆತಿರುತ್ತದೆ. ಇದಕ್ಕೆ ನೀರೆಳೆಯುವ ಗುಣವಿದೆ. ನೀರು ಮಿತಿಮೀರಿದರೆ ಎರಡೂ ಕೂಡಿ ತಳಕ್ಕಿಳಿಯುತ್ತವೆ. ಎಂಜಿನ್ ಹೀರುವುದು ಆ ತಳದ ದ್ರವವನ್ನೇ. ಟೂ-ಸ್ಟ್ರೋಕ್ ಎಂಜಿನ್ನಿಗೆ ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುವುದರಿಂದ, ಎಣ್ಣೆಯಿಲ್ಲದೆ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವುಂಟು.

ಬೆಳೆಗಾರರು ಗಮನಿಸಬೇಕಾದ ಅಂಶಗಳು:

1. ಮೊದಲ ಸಿಂಪಡಣೆ ಮುಗಿದೊಡನೆ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರುವವರೆಗೆ ಎಂಜಿನ್ ಓಡಿಸಿರಿ.

2. ಬೇಕಾದಷ್ಟೇ ಪೆಟ್ರೋಲ್ ತನ್ನಿರಿ. ಕ್ಯಾನಿನ ಮುಚ್ಚಳ ಬಿಗಿಯಾಗಿರಲಿ. ಮಳೆನೀರು, ಒಲೆ ಎರಡರಿಂದಲೂ ದೂರವಿರಲಿ.

3. ಅನುಮಾನವಿದ್ದರೆ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಸ್ವಲ್ಪ ಹೊತ್ತು ಅಲುಗಿಸದೆ ಇಡಿರಿ. ಎರಡು ಪದರ ಕಂಡರೆ ಅದನ್ನು ಬಳಸಕೂಡದು.

4. ರಬ್ಬರ್ ಕೊಳವೆ ಮೆತ್ತಗಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಾಯಿಸಿರಿ.

ಅರ್ಧ ಲೀಟರ್ ಹಳೆಯ ಪೆಟ್ರೋಲಿನ ಆಸೆಗೆ ವರ್ಷದ ಫಸಲನ್ನು ಪಣಕ್ಕಿಡುವುದು ಬೇಡ.