ಮಗುವಿನ ಟಾನ್ಸಿಲ್ ತೆಗೆಸುವ ಮುಂಚೆ

ಮಗನಿಗೆ ಆಪರೇಷನ್ ಎಂದಾಗಿನಿಂದ ನಿನಗೆ ನಿದ್ದೆಯಿಲ್ಲ ಅಂತ ಗೊತ್ತಮ್ಮ. ಕಿವಿ, ಮೂಗು, ಗಂಟಲಿನ ವಾರ್ಡಿನಲ್ಲೇ ನರ್ಸಾಗಿ ತಲೆ ನರೆತವಳು ನಾನು. ಕೂತು ಕೇಳು.

ತೆಗೆಸಲೇಬೇಕೇ ಎಂಬುದು ಮೊದಲ ಪ್ರಶ್ನೆ. ಒಂದು ವರ್ಷದಲ್ಲಿ 7 ಸಲ, ಇಲ್ಲವೇ ಎರಡು ವರ್ಷ 5ರಂತೆ, ಮೂರು ವರ್ಷ 3ರಂತೆ ಗಂಟಲು ಜೋರಾಗಿ ಕೆಟ್ಟಿರಬೇಕು ಎಂಬ ಲೆಕ್ಕವನ್ನು ಡಾಕ್ಟರುಗಳು ಇಟ್ಟುಕೊಂಡಿದ್ದಾರೆ. ಗೊರಕೆಯ ನಡುವೆ ಉಸಿರು ಕಟ್ಟುವ ಮಗುವಿನ ವಿಷಯ ಬೇರೆ. ಅದನ್ನು ಮುಂದೂಡಬೇಡ.

ಇನ್ನು ಲೇಸರ್, ಕೋಬ್ಲೇಷನ್ ಎಂದೆಲ್ಲ ಹೆಸರು ಕೇಳಿ ಗಾಬರಿಯಾಗಿದ್ದೀಯ. ವಿಧಾನ ಯಾವುದಾದರೂ, ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕವೇ ಮಾಡುತ್ತಾರೆ, ಹೊರಗೆ ಗಾಯವಿರದು. ಹಳೆಯ ವಿಧಾನದಲ್ಲಿ ಟಾನ್ಸಿಲನ್ನು ಹಿಡಿದೆಳೆದು, ಹಿಂದಿನ ಸ್ನಾಯುವಿನಿಂದ ಬಿಡಿಸಿ, ರಕ್ತ ಬರುವ ಕಡೆ ಒತ್ತಿಯೋ ದಾರ ಕಟ್ಟಿಯೋ ನಿಲ್ಲಿಸುತ್ತಾರೆ. ಕರೆಂಟಿನ ಕಾವಿನಿಂದ ಕೊಯ್ದರೆ ಆ ಹೊತ್ತಿಗೆ ರಕ್ತ ಕಡಿಮೆ, ಆದರೆ ಸುತ್ತಲಿನ ಮಾಂಸ ಸುಟ್ಟು ಆಮೇಲೆ ನೋವು ಹೆಚ್ಚು. ಕೋಬ್ಲೇಷನ್ನಿನಲ್ಲಿ ಉಪ್ಪುನೀರು ಹರಿಸುತ್ತ 40ರಿಂದ 70 ಡಿಗ್ರಿಯಲ್ಲೇ ಕೆಲಸ ಮುಗಿಯುತ್ತದೆ. ಗೊರಕೆಯ ಮಕ್ಕಳಿಗೆ ಕೆಲವರು ಟಾನ್ಸಿಲಿನ ಹೊರಪದರ ಉಳಿಸಿ ಒಳಗಿನದನ್ನಷ್ಟೇ ತೆಗೆಯುತ್ತಾರೆ. ನೋವು ಕಡಿಮೆ, ಮತ್ತೆ ಬೆಳೆಯುವ ಸಾಧ್ಯತೆ ತುಸು ಇದೆ.

ಹೊಸದೆಲ್ಲ ಮೇಲು ಅಂದುಕೊಳ್ಳಬೇಡ. 2003-04ರಲ್ಲಿ ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡಿನಲ್ಲಿ 30,000ಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದಾಗ, ಆಪರೇಷನ್ ನಂತರದ ರಕ್ತಸ್ರಾವ ಕಾವಿನ ವಿಧಾನಗಳಲ್ಲೇ ಹೆಚ್ಚು ಕಂಡಿತ್ತು. ಅದಕ್ಕೇ ನಿನ್ನ ಡಾಕ್ಟರ ಕೈ ಯಾವುದರಲ್ಲಿ ಪಳಗಿದೆ ಎಂದು ಕೇಳು, ಸಂಕೋಚ ಬೇಡ. ನನ್ನ ಮೊಮ್ಮಗುವಾದರೂ ನಾನು ಇದನ್ನೇ ಕೇಳುತ್ತೇನೆ.

ನಿಜವಾದ ಕಾವಲು ಮನೆಗೆ ಬಂದ ಮೇಲೆ. ಗಂಟಲಲ್ಲಿ ಬಿಳಿ ಪೊರೆ ಕಟ್ಟುತ್ತದೆ; ಕೀವೆಂದು ಹೆದರಿ ಕೆರೆಯಲು ಹೋಗಬೇಡ. ಕಿವಿ ನೋಯುತ್ತದೆ ಅಂತ ಅಳುತ್ತಾನೆ. ಗಂಟಲಿನ ನೋವೇ ನರದ ದಾರಿಯಲ್ಲಿ ಅಲ್ಲಿಗೆ ಹೋಗುವುದು. ನೋವಿನ ಔಷಧಿಯನ್ನು ಅವನು ಅಳುವವರೆಗೂ ಕಾಯದೆ ಹೇಳಿದ ಹೊತ್ತಿಗೆ ಕೊಡು. ಮನೆಯಲ್ಲಿರುವ ಕೆಮ್ಮಿನ ಸಿರಪ್ ಮಾತ್ರ ಕೇಳದೆ ಕೊಡಬೇಡ. ಕೋಡೀನ್ ಇದ್ದರೆ ಈ ಮಕ್ಕಳ ಉಸಿರಿಗೇ ಕುತ್ತು. ನುಂಗಲು ನೋವಾದರೂ ಗುಟುಕು ಗುಟುಕಾಗಿ ನೀರು ಕುಡಿಸುತ್ತಲೇ ಇರು, ಒಣಗಿದಷ್ಟೂ ನೋವು ಜಾಸ್ತಿ.

ಐದರಿಂದ ಹತ್ತನೇ ದಿನದೊಳಗೆ ಆ ಪೊರೆ ಕಳಚುತ್ತದೆ. ರಕ್ತ ಬರುವ ಭಯ ಆಗಲೇ. ಆದ್ದರಿಂದ ಎರಡು ವಾರ ಊರು, ಜಾತ್ರೆ ಎಂದು ದೂರ ಕರೆದೊಯ್ಯಬೇಡ. ಕೆಂಪು ರಕ್ತ ಉಗುಳಿದರೆ, ನಿದ್ದೆಯಲ್ಲಿ ಪದೇ ಪದೇ ನುಂಗುತ್ತಿದ್ದರೆ, ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡು. ದಾರಿಯಲ್ಲೇ ನಿಂತುಹೋಯಿತೆಂದು ಹಿಂದಿರುಗಬೇಡ, ತೋರಿಸಿಯೇ ಬಾ.